ಎಂಟು ವಾರ ಕಣ್ಣು ಮುಚ್ಚಿ ಕೂತೆ, ಕೆಲಸ ಆಗಿದ್ದು ಕಣ್ಣು ಬಿಟ್ಟ ಮೇಲೆ

ಮನಸ್ಸು ಶಾಂತವಾಗಲಿ ಅಂತ ಈ ಧ್ಯಾನದ ಕೋರ್ಸಿಗೆ ಸೇರಬೇಡಿ. ನಾನು ಹಾಗೇ ಅಂದುಕೊಂಡು ಸೇರಿದ್ದೆ. ಮೊದಲ ಎರಡು ವಾರದಲ್ಲಿ ನನಗೆ ಗೊತ್ತಾಗಿದ್ದು ಒಂದೇ, ನನ್ನ ತಲೆಯೊಳಗೆ ದಿನವಿಡೀ ಸಂತೆ ನಡೆಯುತ್ತಿದೆ, ಎಷ್ಟೋ ವರ್ಷದಿಂದ ನಡೆಯುತ್ತಿದೆ, ನಾನೇ ಅದಕ್ಕೆ ಕಿವಿಗೊಟ್ಟಿರಲಿಲ್ಲ. ಆದರೂ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ನಾಲ್ಕು, ಯಾಕೆ ಐದು ಕೊಡಲಿಲ್ಲ, ಎರಡನ್ನೂ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ನಾನು ಮಾಡಿದ್ದು ಮೈಂಡ್‌ಫುಲ್‌ನೆಸ್ ಬೇಸ್ಡ್ ಕಾಗ್ನಿಟಿವ್ ಥೆರಪಿ. ಎಂಬಿಸಿಟಿ ಅಂತ ಕರೆಯುತ್ತಾರೆ. ಡಿಪ್ರೆಶನ್ ಮರುಕಳಿಸದಿರಲಿ ಅಂತ, ಧ್ಯಾನದ ಅಭ್ಯಾಸದ ಜೊತೆಗೆ ನಮ್ಮ ಯೋಚನೆಗಳನ್ನು ಗಮನಿಸುವುದನ್ನು ಕಲಿಸುವ ಥೆರಪಿ ಇದು. ವಾರಕ್ಕೊಂದು ಸೆಷನ್, ಒಂದೊಂದೂ 2 ಗಂಟೆ, ಒಟ್ಟು 8 ವಾರ. ಗುಂಪಿನಲ್ಲಿ 12 ಜನ ಇದ್ದೆವು. ಇದರ ಜೊತೆಗೆ ಅದೇ ಥೆರಪಿಸ್ಟ್ ಹತ್ತಿರ ನಾಲ್ಕು ಸಲ ಬೇರೆಯಾಗಿ ಕೂತು ಮಾತಾಡುವ ಏರ್ಪಾಡಿತ್ತು. ಅವರನ್ನು ನಾವೆಲ್ಲ ಮೇಡಂ ಅಂತಲೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಬರೆಯುತ್ತೇನೆ.

ನನಗೆ ಡಿಪ್ರೆಶನ್ 3 ಸಲ ಬಂದು ಹೋಗಿದೆ. ಬಂದಾಗ ಹೇಗಿರುತ್ತೆ ಅಂತ ಬರೆಯಲ್ಲ, ಗೊತ್ತಿರುವವರಿಗೆ ಗೊತ್ತು. ಮೂರನೇ ಸಲದ್ದು ಇಳಿದು, ಮಾತ್ರೆ ಇನ್ನೂ ನಡೆಯುತ್ತಿರುವಾಗಲೇ ಡಾಕ್ಟರ್ ಹೇಳಿದರು, "ಈಗ ಚೆನ್ನಾಗಿದ್ದೀರಲ್ಲ, ಇದನ್ನು ಕಲಿಯೋಕೆ ಇದೇ ಸರಿಯಾದ ಹೊತ್ತು" ಅಂತ. ಚೆನ್ನಾಗಿರುವಾಗ ಥೆರಪಿ ಯಾಕೆ? ಮಳೆ ನಿಂತ ಮೇಲೆ ಕೊಡೆ ಕೊಂಡ ಹಾಗೆ ಅನಿಸಿತು ನನಗೆ. ಮೊದಲ ಭೇಟಿಯಲ್ಲಿ ಮೇಡಂಗೂ ಇದನ್ನೇ ಕೇಳಿದೆ.

ಅವರು ಹೇಳಿದ ಹಿನ್ನೆಲೆ ಇದು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಿನಲ್ಲಿ ಜಾನ್ ಕಬಾಟ್-ಜಿನ್ ಅನ್ನುವವರು ಒಂದು ಕೋರ್ಸ್ ಶುರು ಮಾಡಿದರು. ಬರುತ್ತಿದ್ದವರಲ್ಲಿ ಎಷ್ಟೋ ಜನ ಹಳೇ ನೋವಿನವರು, ವರ್ಷಗಟ್ಟಲೆ ಔಷಧಿ ಮಾಡಿಯೂ ನೋವು ಬಿಡದವರು. ಅಭ್ಯಾಸಗಳು ಬೌದ್ಧ ಧ್ಯಾನದಿಂದ ಬಂದವು, ಆದರೆ ಧರ್ಮದ ಮಾತನ್ನು ಅವರು ಹೊರಗಿಟ್ಟರು. ಆಮೇಲೆ ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ಅದನ್ನು ಡಿಪ್ರೆಶನ್‌ಗೆ ಒಗ್ಗಿಸಿದರು. ಅವರ ತಲೆ ಕೊರೆಯುತ್ತಿದ್ದ ಪ್ರಶ್ನೆ, ಗುಣವಾದವರಿಗೆ ಮತ್ತೆ ಮತ್ತೆ ಯಾಕೆ ಬರುತ್ತೆ ಅನ್ನೋದು. ಎಲ್ಲರಿಗೂ ಬೇಜಾರಾಗುತ್ತೆ, ಹೋಗುತ್ತೆ. ಆದರೆ ಒಮ್ಮೆ ಆಳಕ್ಕೆ ಬಿದ್ದು ಎದ್ದವರಿಗೆ ಸಣ್ಣ ಬೇಜಾರು ಬಂದರೂ ಸಾಕು, ಹಳೇ ಯೋಚನೆಗಳ ಗಂಟೇ ಬಿಚ್ಚಿಕೊಳ್ಳುತ್ತೆ. ನನ್ನಿಂದ ಏನೂ ಪ್ರಯೋಜನ ಇಲ್ಲ, ನಾನು ಎಲ್ಲರಿಗೂ ಭಾರ, ಇನ್ನು ಸರಿಹೋಗಲ್ಲ. ಆಮೇಲೆ ಅದನ್ನೇ ಮೆಲುಕು ಹಾಕುತ್ತಾ ಕೂರುತ್ತೇವೆ. ಹಾಗಾಗಿ ಆ ಮೊದಲ ಮೆಟ್ಟಿಲಲ್ಲೇ ಹಿಡಿಯಬೇಕು, ಅದನ್ನು ಹಿಡಿಯೋಕೆ ಚೆನ್ನಾಗಿರುವಾಗಲೇ ಕಲಿತಿರಬೇಕು.

2000ದಲ್ಲಿ ಬಂದ ಅವರ ಪ್ರಯೋಗದಲ್ಲಿ 145 ಜನ ಇದ್ದರು. 3 ಸಲ ಅಥವಾ ಜಾಸ್ತಿ ಡಿಪ್ರೆಶನ್ ಬಂದವರನ್ನು ನೋಡಿದರೆ, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ 66 ಶೇಕಡಾ ಜನಕ್ಕೆ ಸುಮಾರು ಒಂದು ವರ್ಷದಲ್ಲಿ ಅದು ಮರುಕಳಿಸಿತು, ಕೋರ್ಸ್ ಕೂಡ ಮಾಡಿದವರಲ್ಲಿ 37 ಶೇಕಡಾ. 2 ಸಲ ಮಾತ್ರ ಬಂದಿದ್ದವರಿಗೆ ಏನೂ ಲಾಭ ಕಾಣಲಿಲ್ಲ. ಈ ಕೊನೆಯ ಮಾತನ್ನೂ ಮೇಡಂ ತಾವಾಗಿಯೇ ಹೇಳಿದರು. ಅದಕ್ಕೇ ನಾನು ಸೇರಿದೆ. ಸುಮ್ನೆ ಮಾರುವವರು ಇಂಥದ್ದನ್ನು ಬಾಯಿ ಬಿಡಲ್ಲ.

ಮೊದಲ ವಾರ ಒಣದ್ರಾಕ್ಷಿ. ಈ ಕೋರ್ಸ್ ಮಾಡಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಯಾಕಂದ್ರೆ ಎಲ್ಲ ಕಡೆ ಇಲ್ಲಿಂದಲೇ ಶುರು. ಅಂಗೈ ಮೇಲೆ ಒಂದು ದ್ರಾಕ್ಷಿ ಇಡುತ್ತಾರೆ. ಇದನ್ನು ಹಿಂದೆ ಕಂಡೇ ಇಲ್ಲ ಅನ್ನೋ ಹಾಗೆ ನೋಡಬೇಕು, ಉರುಳಿಸಬೇಕು, ಕಿವಿ ಹತ್ತಿರ ಹಿಡಿದು ಹಿಸುಕಬೇಕು (ಸದ್ದು ಬರುತ್ತೆ, ನಿಜವಾಗಲೂ), ಮೂಸಬೇಕು, ತುಟಿಗೆ ತಾಗಿಸಬೇಕು, ಆಮೇಲೆ ಬಾಯಿಗೆ. ನನಗೆ ನಗು ತಡೆಯೋಕಾಗಲಿಲ್ಲ. ಪಕ್ಕದವರೊಬ್ಬರು ಮಾತ್ರ ಅತ್ತರು. ದಿನಾ ಊಟ ಮಾಡುತ್ತೇನೆ, ಕಳೆದ ಎರಡು ವರ್ಷದಲ್ಲಿ ಏನು ತಿಂದೆ ಅಂತ ಒಂದೂ ನೆನಪಿಲ್ಲ ಅಂದರು. ನನ್ನ ನಗು ಅಲ್ಲಿಗೆ ನಿಂತಿತು.

ಆಮೇಲೆ ಬಾಡಿ ಸ್ಕ್ಯಾನ್. ಅಂಗಾತ ಮಲಗಿ ಎಡಗಾಲಿನ ಹೆಬ್ಬೆರಳಿಂದ ನೆತ್ತಿಯವರೆಗೆ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಹೋಗಬೇಕು. ನಾನು ಮಂಡಿ ದಾಟಿದ ದಿನಗಳೇ ಕಮ್ಮಿ. ಗೊರಕೆ ಹೊಡೆದಿದ್ದೀನಂತೆ. ಮೇಡಂಗೆ ಹೇಳಿದರೆ "ನಿದ್ದೆ ಬಂತು ಅಂತ ಗಮನಕ್ಕೆ ಬಂತಲ್ಲ, ಸಾಕು. ನಾಳೆ ಬೇಕಾದರೆ ಕಣ್ಣು ತೆರೆದು ಮಾಡಿ" ಅಂದರು, ಅಷ್ಟೇ. ಬೈಯಲೂ ಇಲ್ಲ, ಬೆನ್ನು ತಟ್ಟಲೂ ಇಲ್ಲ.

ಇಲ್ಲೊಂದು ಮಾತು. ಮೈಂಡ್‌ಫುಲ್‌ನೆಸ್‌ಗೆ ಕನ್ನಡದಲ್ಲಿ ಸಾವಧಾನತೆ ಅಂತ ಬರೆಯುವುದನ್ನು ನೋಡಿದ್ದೇನೆ. ನನಗದು ಅಷ್ಟು ಸರಿ ಅನಿಸಲ್ಲ, ನಮ್ಮ ಬಾಯಲ್ಲಿ ಸಾವಧಾನ ಅಂದ್ರೆ ನಿಧಾನ, ಅವಸರ ಬೇಡ ಅಂತ. ಇದರ ಮೂಲ ಪಾಲಿ ಭಾಷೆಯ ಸತಿ, ನಮ್ಮ ಸ್ಮೃತಿಯ ಬಳಗದ್ದೇ. ಅಂದ್ರೆ ನೆನಪು. ಈಗ ಏನು ನಡೆಯುತ್ತಿದೆ ಅನ್ನೋದನ್ನು ಮರೆಯದೇ ಇರುವುದು. ನನ್ನನ್ನು ಕೇಳಿದರೆ ನಿಗಾ ಅನ್ನೋ ಪದ ಹತ್ತಿರ. ಒಲೆ ಮೇಲೆ ಹಾಲಿಟ್ಟು ನಿಗಾ ಇಡುತ್ತೀವಲ್ಲ, ಹಾಗೆ. ಹಾಲಿನ ಮೇಲೆ ಸಿಟ್ಟು ಮಾಡಿಕೊಳ್ಳಲ್ಲ, ಕಣ್ಣೂ ತೆಗೆಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಉಸಿರು ನೋಡುವುದು, ಮೈ ನೋಡುವುದು, ಇವೆಲ್ಲ ಫೋನಿನ ಆ್ಯಪ್‌ನಲ್ಲೂ ಸಿಗುತ್ತೆ. ಇಲ್ಲಿಗೆ ಬರುವ ಮೊದಲು ನಾನೂ ಒಂದು ಆ್ಯಪ್ ಹಾಕಿಕೊಂಡು ಏಳೆಂಟು ತಿಂಗಳು ಕೂತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ, ಆ್ಯಪ್ ನನಗೆ ಪದಕ ಕೊಟ್ಟಿತು, ಅದರ ಮುಂದಿನ ವಾರವೇ ಮೂರನೇ ಡಿಪ್ರೆಶನ್ ಬಂತು. ಆ್ಯಪ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಕೂತು ಎದ್ದ ಮೇಲೆ ಏನಾಯ್ತು ಅಂತ ಅದು ಕೇಳಲ್ಲ. ಇಲ್ಲಿ ಕೇಳುತ್ತಾರೆ. ಪ್ರತಿ ಅಭ್ಯಾಸ ಮುಗಿದು ಕಣ್ಣು ಬಿಟ್ಟ ಮೇಲೆ ಹತ್ತು ಹದಿನೈದು ನಿಮಿಷ ಮಾತು ನಡೆಯುತ್ತೆ, ಇದಕ್ಕೆ ಇನ್‌ಕ್ವೈರಿ ಅಂತ ಹೆಸರು. ವಿಚಾರಣೆ ಅಂದ್ರೆ ಪೊಲೀಸ್ ಠಾಣೆ ನೆನಪಾಗುತ್ತೆ, ಅದಕ್ಕೇ ಹಾಗೇ ಬಿಟ್ಟಿದ್ದೇನೆ. ಇಡೀ ಕೋರ್ಸಿನ ಬೆಲೆ ಇರುವುದು ಈ ಹತ್ತು ನಿಮಿಷದಲ್ಲಿ.

ಮೂರನೇ ವಾರದ್ದು ನನಗೆ ಹೆಚ್ಚು ಕಮ್ಮಿ ಅಕ್ಷರ ಅಕ್ಷರ ನೆನಪಿದೆ. ಕೂತು ಉಸಿರು ನೋಡಿ ಮುಗಿಸಿದ್ದೆವು. ಎದೆ ಭಾರ ಅನಿಸಿತು ಅಂದೆ.

"ಭಾರ ಅಂದ್ರೆ ಹೇಗಿತ್ತು?"

"ಕಲ್ಲು ಇಟ್ಟ ಹಾಗೆ."

"ಎಷ್ಟು ದೊಡ್ಡದು? ಎಲ್ಲಿಂದ ಎಲ್ಲಿಯವರೆಗೆ?"

ಇದೇನು ಪ್ರಶ್ನೆ ಅಂದುಕೊಂಡೆ. ಕೈ ಇಟ್ಟು ನೋಡಿದೆ. ಇಡೀ ಎದೆ ಅಂದುಕೊಂಡಿದ್ದೆ, ಹೆಚ್ಚೆಂದರೆ ಒಂದು ಅಂಗೈಯಷ್ಟು ಜಾಗ, ಸ್ವಲ್ಪ ಎಡಕ್ಕೆ.

"ಒಂದೇ ಥರ ಇತ್ತಾ, ಏರಿಳಿತ ಇತ್ತಾ?"

"ಉಸಿರು ಬಿಟ್ಟಾಗ ಸ್ವಲ್ಪ ಸಡಿಲ ಆಗ್ತಿತ್ತು."

"ಅದು ಗಮನಕ್ಕೆ ಬಂದಾಗ ಮನಸ್ಸಲ್ಲಿ ಏನಾದರೂ ಬಂತಾ?"

ಬಂದಿತ್ತು. "ಮತ್ತೆ ಶುರುವಾಯ್ತು" ಅನ್ನೋ ಒಂದು ಮಾತು. ಅದರ ಬೆನ್ನಿಗೇ ಕಳೆದ ಸಲದ ಆಸ್ಪತ್ರೆ, ರಜೆ ಚೀಟಿ, ಮನೆಯವರ ಮುಖ, ಎಲ್ಲ.

"ಆ ಮಾತು ಬಂದ ಮೇಲೆ ಎದೆ?"

ಜಾಸ್ತಿ ಆಗಿತ್ತು. ನನಗೆ ಅಲ್ಲೇ ಹೊಳೆಯಿತು. ಅಂಗೈಯಷ್ಟು ಜಾಗದ ಬಿಗಿತ ತಾನಾಗಿ ಏರಿ ಇಳಿಯುತ್ತಿತ್ತು. ಅದನ್ನು ಇಡೀ ಎದೆಗೆ ಹರಡಿದ್ದು "ಮತ್ತೆ ಶುರುವಾಯ್ತು" ಅನ್ನೋ ಮಾತು. ಬಿಗಿತ ನಿಜ. ಮತ್ತೆ ಶುರುವಾಯ್ತು ಅನ್ನೋದು ನಾನು ಅದಕ್ಕೆ ಅಂಟಿಸಿದ ಚೀಟಿ. ಇಷ್ಟು ವರ್ಷ ಎರಡೂ ಒಂದೇ ಅಂದುಕೊಂಡಿದ್ದೆ. ಮೇಡಂ ಏನೂ ವಿವರಿಸಲಿಲ್ಲ, ಪಾಠ ಮಾಡಲಿಲ್ಲ, "ಸರಿ" ಅಂದು ಪಕ್ಕದವರ ಕಡೆ ತಿರುಗಿದರು. ನಾನು ಮಾತ್ರ ಆ ದಿನ ಮನೆಗೆ ಹೋಗುವವರೆಗೂ ಎದೆ ಮೇಲೆ ಕೈ ಇಟ್ಟುಕೊಂಡೇ ಇದ್ದೆ.

ಗುಂಪಿನಲ್ಲಿ ಮಾಡುವುದರ ಲಾಭವೂ ಒಂದಿದೆ. ಎರಡನೇ ವಾರ ಒಂದು ಕಲ್ಪನೆ ಮಾಡಿಸಿದರು. ನೀವು ರಸ್ತೆಯಲ್ಲಿ ಹೋಗುತ್ತಿದ್ದೀರಿ, ಆ ಬದಿಯಲ್ಲಿ ಪರಿಚಯದವರೊಬ್ಬರು ಕಂಡರು, ಕೈ ಬೀಸಿದಿರಿ, ಅವರು ನೋಡದೇ ಹೋದರು. ಏನನಿಸಿತು? ನಾನು ಬರೆದಿದ್ದು, "ನನ್ನ ಮೇಲೆ ಏನೋ ಬೇಜಾರು, ಬೇಕಂತಲೇ ಹೋದರು." ಪಕ್ಕದವರು, "ಕನ್ನಡಕ ಮರೆತಿರಬೇಕು." ಇನ್ನೊಬ್ಬರು, "ಎಷ್ಟು ಜಂಬ ನೋಡಿ." ಮತ್ತೊಬ್ಬರು, "ಅಯ್ಯೋ, ಅವರಿಗೆ ಏನು ತೊಂದರೆಯೋ ಪಾಪ." ಆಗಿದ್ದು ಒಂದೇ, 12 ಜನಕ್ಕೆ 12 ಕಥೆ. ನನ್ನ ಕಥೆ ನನಗೆ ಕಥೆ ಅಂತ ಕಂಡಿದ್ದು ಉಳಿದ ಹನ್ನೊಂದನ್ನು ಕೇಳಿದ ಮೇಲೆ. ಥೆರಪಿಸ್ಟ್ ಮುಂದೆ ಒಬ್ಬರೇ ಕೂತಿದ್ದರೆ, ನಿಮ್ಮ ಯೋಚನೆ ತಪ್ಪು ಅಂತ ಅವರು ಎಷ್ಟು ನಯವಾಗಿ ಹೇಳಿದರೂ ನಾನು ವಾದಕ್ಕೆ ಇಳಿಯುತ್ತಿದ್ದೆ. ಹಿಂದೆ ಬೇರೊಬ್ಬರ ಹತ್ತಿರ ಕೌನ್ಸೆಲಿಂಗ್‌ಗೆ ಹೋಗುತ್ತಿದ್ದಾಗ ಅದೇ ಆಗಿದ್ದು, ವಾದದಲ್ಲಿ ನಾನೇ ಗೆಲ್ಲುತ್ತಿದ್ದೆ, ಗೆದ್ದು ಮನೆಗೆ ಬಂದು ಅಳುತ್ತಿದ್ದೆ. ಇಲ್ಲಿ ಯೋಚನೆ ಸರಿಯೋ ತಪ್ಪೋ ಅಂತ ಯಾರೂ ಕೇಳಲ್ಲ. ಯೋಚನೆ ಬಂತು ಅಂತ ನೋಡಿ, ಸಾಕು ಅನ್ನುತ್ತಾರೆ.

ಇನ್ನು ಕಳೆದುಹೋದ ಆ ಒಂದು ಸ್ಟಾರ್.

ಮೊದಲನೆಯದು ಹೋಂವರ್ಕ್. ದಿನಕ್ಕೆ 40 ನಿಮಿಷ, ವಾರಕ್ಕೆ 6 ದಿನ, ಮೇಲೆ ಒಂದು ಹಾಳೆ ತುಂಬಿಸಬೇಕು. ಕೆಲಸ, ಮನೆ, ಮಕ್ಕಳು ಇರುವವರಿಗೆ ಈ 40 ನಿಮಿಷ ಎಲ್ಲಿಂದ ಬರಬೇಕು? ಗುಂಪಿನಲ್ಲಿ ನಿಜ ಹೇಳಿದವರು ಮೂರ್ನಾಲ್ಕು ಜನ, ಉಳಿದವರು ಬರುವ ದಾರಿಯಲ್ಲಿ ಹಾಳೆ ತುಂಬಿಸುತ್ತಿದ್ದರು, ನಾನೂ ಎರಡು ವಾರ ಹಾಗೇ ಮಾಡಿದೆ. ಮಾಡದೇ ಇದ್ದರೂ ಬನ್ನಿ ಅಂತ ಮೇಡಂ ಹೇಳುತ್ತಿದ್ದರು ನಿಜ. ಆದರೆ "ನಾನು ಏನೂ ಸರಿಯಾಗಿ ಮಾಡಲ್ಲ" ಅಂತ ಮೊದಲೇ ಕೊರಗುವವರ ಕೈಗೆ ತುಂಬಿಸದ ಹಾಳೆ ಕೊಟ್ಟರೆ ಏನಾಗುತ್ತೆ ಹೇಳಿ. ಧ್ವನಿಮುದ್ರಣದ ಬಗ್ಗೆ ಹೇಳಲೇಬೇಕು. ಒಂದೊಂದು ವಾಕ್ಯದ ನಡುವೆ ಎಷ್ಟು ಹೊತ್ತು ಸುಮ್ಮನಿರುತ್ತಿತ್ತು ಅಂದ್ರೆ, ಫೋನ್ ಚಾರ್ಜ್ ಮುಗಿಯಿತೇನೋ ಅಂತ ನಾನು ನಾಲ್ಕು ಸಲ ಎದ್ದು ನೋಡಿದ್ದೇನೆ.

ಎರಡನೆಯದು ಜಾಸ್ತಿ ಗಂಭೀರ. ಸೇರುವ ಮುಂಚಿನ ಮಾತುಕತೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು, ಅದರಲ್ಲಿ ಅರ್ಧ ಫಾರಂ ತುಂಬುವುದು. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಹಿಂದೆ ಏನೋ ದೊಡ್ಡ ಆಘಾತ ಆಗಿತ್ತು. ಕಣ್ಣು ಮುಚ್ಚಿ ಮೈ ಕಡೆ ಗಮನ ತಂದರೆ ಅವರಿಗೆ ಉಸಿರೇ ಕಟ್ಟುತ್ತಿತ್ತು. ಮೇಡಂ ತಕ್ಷಣ ಕಣ್ಣು ತೆರೆಸಿ, ಪಾದ ನೆಲಕ್ಕೆ ಒತ್ತಿಸಿ, ಕೋಣೆಯಲ್ಲಿ ಕಾಣುವ ಐದು ವಸ್ತು ಹೇಳಿಸಿ, ಅವರನ್ನು ವಾಪಸ್ ತಂದರು. ಚೆನ್ನಾಗಿ ನಿಭಾಯಿಸಿದರು, ಆದರೆ ಮೊದಲೇ ಸರಿಯಾಗಿ ಕೇಳಿದ್ದರೆ ಅದು ಅಷ್ಟು ಜನರ ಮುಂದೆ ಆಗುತ್ತಿರಲಿಲ್ಲ. ಅವರು ನಾಲ್ಕನೇ ವಾರದಿಂದ ಬರಲಿಲ್ಲ. ಧ್ಯಾನದಿಂದ ಕೆಲವರಿಗೆ ಆತಂಕ ಏರುವುದು, ಹಳೇ ನೆನಪು ನುಗ್ಗುವುದು, ತಾನು ತನ್ನಿಂದಲೇ ದೂರವಾದ ಹಾಗೆ ಅನಿಸುವುದು, ಇವೆಲ್ಲ ಆಗುತ್ತೆ, ಇದರ ಬಗ್ಗೆ ಅಧ್ಯಯನಗಳೂ ಆಗಿವೆ. ಅಂಥವರಿಗೆ ಉಸಿರಿನ ಬದಲು ಹೊರಗಿನ ಸದ್ದನ್ನೋ ಕೈಬೆರಳ ತುದಿಯನ್ನೋ ಕೊಡಬೇಕು, ಹೊತ್ತು ಕಮ್ಮಿ ಮಾಡಬೇಕು, ಬಹುಶಃ ಮೊದಲು ಒಬ್ಬೊಬ್ಬರಾಗಿ ಥೆರಪಿ ಕೊಡಬೇಕು. ಉಸಿರು ಎಲ್ಲರಿಗೂ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಅಲ್ಲಿ ನಿಲ್ಲಬೇಡಿ.

ಮೂರನೆಯದು, ಎಂಟನೇ ವಾರ ಮುಗಿದ ಮೇಲೆ ಏನೂ ಇಲ್ಲ. ತಿಂಗಳಿಗೊಂದು ಸಲ ಎಲ್ಲರೂ ಸೇರುವ ಏರ್ಪಾಡಾದರೂ ಬೇಕಿತ್ತು. ಈಜು ಕಲಿಸಿ ನಡುನೀರಲ್ಲಿ ಕೈಬಿಟ್ಟ ಹಾಗಾಯ್ತು.

ಮಾತ್ರೆ ಬಿಡಬಹುದಾ ಅಂತ ನನ್ನನ್ನು ತುಂಬಾ ಜನ ಕೇಳಿದ್ದಾರೆ. ನಾನು ಬಿಟ್ಟಿಲ್ಲ. 2015ರಲ್ಲಿ ಬ್ರಿಟನ್ನಿನಲ್ಲಿ 424 ಜನರ ಮೇಲೆ ಮಾಡಿದ ಒಂದು ಪ್ರಯೋಗ ಪ್ರಕಟವಾಯಿತು. ಅರ್ಧ ಜನ ಈ ಕೋರ್ಸ್ ಮಾಡಿ, ಡಾಕ್ಟರ್ ಸಹಾಯದಿಂದ ಮೆಲ್ಲಗೆ ಮಾತ್ರೆ ಇಳಿಸಿದರು, ಉಳಿದವರು ಮಾತ್ರೆಯಲ್ಲೇ ಇದ್ದರು. 2 ವರ್ಷದಲ್ಲಿ ಕೋರ್ಸಿನವರಲ್ಲಿ 44 ಶೇಕಡಾ, ಮಾತ್ರೆಯವರಲ್ಲಿ 47 ಶೇಕಡಾ ಜನಕ್ಕೆ ಮರುಕಳಿಸಿತು. ಹೆಚ್ಚು ಕಮ್ಮಿ ಸಮಾನ. ಇದನ್ನು ಓದಿ ಕೆಲವರು ನೋಡಿದ್ಯಾ ಮಾತ್ರೆ ಬೇಡ ಅನ್ನುತ್ತಾರೆ. ಎರಡೂ ಕಡೆ ಹತ್ತಿರ ಹತ್ತಿರ ಅರ್ಧ ಜನಕ್ಕೆ ವಾಪಸ್ ಬಂದಿದೆ ಅನ್ನೋದು ನನ್ನ ಕಣ್ಣಿಗೆ ಮೊದಲು ಬೀಳುತ್ತೆ. ಯಾವುದೂ ಮಂತ್ರದಂಡ ಅಲ್ಲ. ಮಾತ್ರೆ ಇಳಿಸುವ ಮಾತನ್ನು ಡಾಕ್ಟರ್ ಹತ್ತಿರವೇ ಆಡಿ, ಇಲ್ಲಿ ನನ್ನ ಹತ್ತಿರ ಬೇಡ.

ಆತಂಕ ಇರುವವರಿಗೂ ಆಶಾದಾಯಕ ಸುದ್ದಿ ಇದೆ. 2022ರಲ್ಲಿ ಬಂದ, 276 ಜನರ ಪ್ರಯೋಗದಲ್ಲಿ ಕಬಾಟ್-ಜಿನ್ ಅವರ 8 ವಾರದ ಕೋರ್ಸು, ಆತಂಕಕ್ಕೆ ಕೊಡುವ ಎಸಿಟಲೋಪ್ರಾಮ್ ಅನ್ನೋ ಮಾತ್ರೆಗಿಂತ ಹಿಂದೆ ಬೀಳಲಿಲ್ಲ. ಆದರೆ ಅದೇ ವರ್ಷ ಬ್ರಿಟನ್ನಿನ ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳಿಗೆ ಮೈಂಡ್‌ಫುಲ್‌ನೆಸ್ ಪಾಠ ಹೇಳಿ ನೋಡಿದ ಪ್ರಯೋಗದ ಫಲಿತಾಂಶವೂ ಬಂತು, ಮಾಮೂಲಿ ಪಾಠಕ್ಕಿಂತ ಏನೂ ಲಾಭ ಆಗಿರಲಿಲ್ಲ. ನನಗಿದು ಆಶ್ಚರ್ಯ ಅನಿಸಲಿಲ್ಲ. ಬೇಕು ಅಂತ ತಾವಾಗಿ ಬಂದ 12 ಜನ ಕೂತು ತಮ್ಮ ಎದೆಭಾರ ಅಳೆಯುವುದು ಒಂದು, ತರಗತಿಯಲ್ಲಿ ಕಣ್ಣು ಮುಚ್ಚಿ ಕೂರಿ ಅಂತ ಮಕ್ಕಳಿಗೆ ಹೇಳುವುದು ಇನ್ನೊಂದು, ಅಲ್ವಾ?

ಹಾಗಾಗಿ ಎಲ್ಲಾದರೂ ಸೇರುವ ಮೊದಲು ಕೇಳಿ ನೋಡಿ. ಕಲಿಸುವವರು ಮಾನಸಿಕ ಆರೋಗ್ಯದ ತರಬೇತಿ ಪಡೆದವರಾ, ಬರೀ ಧ್ಯಾನ ಗೊತ್ತಿರುವವರಾ? ಅಭ್ಯಾಸ ಆದ ಮೇಲೆ ಮಾತುಕತೆ ಎಷ್ಟು ಹೊತ್ತು? ನನಗೆ ಏನಾದರೂ ಹೆಚ್ಚು ಕಮ್ಮಿ ಆದರೆ ಯಾರಿಗೆ ಫೋನ್ ಮಾಡಲಿ? ಮೂರನೇ ಪ್ರಶ್ನೆಗೆ ತಡವರಿಸಿದರೆ ಬೇರೆ ಕಡೆ ನೋಡಿ. ಜೀವ ಬೇಡ ಅನ್ನೋ ಯೋಚನೆ ಬರುತ್ತಿರುವವರು, ಹಾಸಿಗೆಯಿಂದ ಏಳೋಕೂ ಆಗದಷ್ಟು ಕುಸಿದಿರುವವರು, ಇಲ್ಲದ ಧ್ವನಿ ಕೇಳುತ್ತಿರುವವರು ಮೊದಲು ಡಾಕ್ಟರ್ ಹತ್ತಿರ ಹೋಗಲೇಬೇಕು. ಇದು ಕಾಯುತ್ತೆ, ಅದು ಕಾಯಲ್ಲ.

ಮುಗಿಸಿ ಈಗ ಹತ್ತು ತಿಂಗಳಾಯ್ತು. 40 ನಿಮಿಷ ಕೂರುವುದು ಬಿಟ್ಟುಹೋಗಿದೆ. ಉಳಿದಿರುವುದು 3 ನಿಮಿಷದ ಒಂದು ಅಭ್ಯಾಸ. ಈಗ ಒಳಗೆ ಏನೇನಿದೆ ಅಂತ ಮೊದಲು ನೋಡುವುದು, ಆಮೇಲೆ ಉಸಿರು ಮಾತ್ರ, ಆಮೇಲೆ ಇಡೀ ಮೈ. ಬೆಳಗಿನ ಜಾವ 4 ಗಂಟೆಗೆ ಎಚ್ಚರ ಆಗುತ್ತಲ್ಲ, ಆಗ ಮಾಡುತ್ತೇನೆ. ನಿದ್ದೆ ವಾಪಸ್ ಬರುತ್ತೆ ಅಂತೇನಿಲ್ಲ. ಆದರೆ 4 ಗಂಟೆಗೆ ನನ್ನ ಮೇಲೆ ಕೇಸು ಹಾಕಿ, ನಾನೇ ವಾದ ಮಾಡಿ, ನಾನೇ ಶಿಕ್ಷೆ ಕೊಟ್ಟುಕೊಳ್ಳುವುದು ಕಮ್ಮಿಯಾಗಿದೆ. ಕೇಸು ದಾಖಲಾಗುತ್ತೆ, ಅಷ್ಟರಲ್ಲಿ "ಓ, ಕೋರ್ಟು ಶುರುವಾಯ್ತು" ಅಂತ ಗೊತ್ತಾಗುತ್ತೆ.

ಇನ್ನೊಂದು ಉಳಿದಿದೆ, ಏಳನೇ ವಾರ ಬರೆಸಿದ ಪಟ್ಟಿ. ಮತ್ತೆ ಬರುತ್ತಿದೆ ಅನ್ನೋದಕ್ಕೆ ನಿಮ್ಮದೇ ಆದ ಗುರುತುಗಳೇನು ಅಂತ ಬರೆಯಬೇಕು, ಎದುರಿಗೆ ಆಗ ಏನು ಮಾಡುತ್ತೀರಿ ಅಂತ. ನನ್ನ ಪಟ್ಟಿಯಲ್ಲಿ ಬೇಗ ಎಚ್ಚರವಾಗುವುದಿದೆ, ಸ್ನಾನ ಮುಂದೂಡುವುದಿದೆ, ಮೂರನೆಯದು ಫೋನ್ ಎತ್ತದೇ ಇರುವುದು. ನಂಬಿಕೆ ಇರುವ ಒಬ್ಬರಿಗೆ ಒಂದು ಪ್ರತಿ ಕೊಡಿ ಅಂದಿದ್ದರು ಮೇಡಂ. ನಾಚಿಕೆಯಾದರೂ ಅಕ್ಕನಿಗೆ ಕೊಟ್ಟಿದ್ದೆ, ಅವಳು ಓದಿ ಏನೂ ಹೇಳದೆ ಮಡಚಿ ಇಟ್ಟುಕೊಂಡಿದ್ದಳು. ಕಳೆದ ತಿಂಗಳು ಅವಳ ಎರಡು ಫೋನ್ ಬಿಟ್ಟೆ, ಸುಸ್ತು, ಆಮೇಲೆ ಮಾಡಿದರಾಯ್ತು ಅಂತ. ಮೂರನೆಯದಕ್ಕೆ ಎತ್ತಿದೆ. ಹೇಗಿದ್ದೀಯಾ ಅಂತ ಕೇಳಲಿಲ್ಲ.

"ಪಟ್ಟಿಯಲ್ಲಿ ಮೂರನೇದಾ, ಅಥವಾ ಸುಮ್ನೆ ನನ್ನ ಮೇಲೆ ಸಿಟ್ಟಾ?" ಅಂದಳು.